ಪಿಎಸ್2ಗೆ ಚಿಪ್ ಹಾಕಿಸದೆ ಬ್ಯಾಕಪ್ ಡಿಸ್ಕ್ ಓಡುವುದಿಲ್ವಾ?

ಪ್ರಶ್ನೆ: ನಮ್ಮದು ಭಾಲ್ಕಿ. ಮನೆಯಲ್ಲಿ ಹಳೇ ಪ್ಲೇಸ್ಟೇಷನ್ 2 ಇದೆ. ಒರಿಜಿನಲ್ ಡಿಸ್ಕ್‌ಗಳಿಗೆಲ್ಲ ಗೀರು ಬಿದ್ದಿವೆ, ಕಾಪಿ ಮಾಡಿ ಹಾಕಿದರೆ ತಗೊಳ್ತಿಲ್ಲ. ಚಿಪ್ ಹಾಕಿಸಬೇಕಾ ಸರ್?

ಉತ್ತರ: ಚಿಪ್ ಇಲ್ಲದೆಯೂ ಓಡುತ್ತದೆ. ಆದರೆ ಮೊದಲು ನಿಮ್ಮ ಕಾಪಿ ಯಾಕೆ ಓಡ್ತಿಲ್ಲ ಅಂತ ತಿಳಿದುಕೊಳ್ಳಿ.

ಗೇಮ್ ಪೂರ್ತಿ ಕಾಪಿ ಆಗಿರುತ್ತದೆ. ಆಗದೆ ಉಳಿಯುವುದು, ಡಿಸ್ಕ್ ಅಸಲಿಯೇ ಅಂತ ಮಷೀನು ನೋಡುವ ಗುರುತು. 1994ರ ಮೊದಲನೇ ಪ್ಲೇಸ್ಟೇಷನ್ ನೋಡಿ. ಅದರ ಡಿಸ್ಕ್‌ನ ಒಳಭಾಗದಲ್ಲಿ ಲೇಸರ್ ಓಡುವ ದಾರಿಯನ್ನೇ ಕಾರ್ಖಾನೆಯಲ್ಲಿ ಸ್ವಲ್ಪ ಅಂಕುಡೊಂಕು ಮಾಡುತ್ತಿದ್ದರು, ಆ ಅಂಕುಡೊಂಕಿನಲ್ಲೇ ನಾಲ್ಕು ಅಕ್ಷರ ಅಡಗಿರುತ್ತಿತ್ತು: ಜಪಾನಿಗೆ ಎಸ್‌ಸಿಇಐ, ಅಮೆರಿಕಕ್ಕೆ ಎಸ್‌ಸಿಇಎ, ಯುರೋಪಿಗೆ ಎಸ್‌ಸಿಇಇ. ಖಾಲಿ ಸಿಡಿಯಲ್ಲಿ ಆ ದಾರಿ ಮೊದಲೇ ಕೊರೆದು ಬಂದಿರುತ್ತದೆ. ನಿಮ್ಮ ಕಂಪ್ಯೂಟರಿನ ರೈಟರ್ ಅದರ ಮೇಲೆ ಬರೆಯಬಹುದು, ದಾರಿಯನ್ನು ಬಗ್ಗಿಸಲಾಗದು. ಚಿಪ್ ಮಾಡುತ್ತಿದ್ದ ಕೆಲಸ ಇಷ್ಟೇ, ಡಿಸ್ಕ್ ಹೇಳಬೇಕಾದ ಆ ನಾಲ್ಕು ಅಕ್ಷರ ತಾನೇ ಹೇಳಿಬಿಡುವುದು. ಪಿಎಸ್2ರಲ್ಲಿ ಬೀಗ ಇನ್ನೂ ಗಟ್ಟಿಯಾಯಿತು. ಚಿಪ್‌ಗೆ ಬೆಸೆಯಬೇಕಾದ ತಂತಿಗಳೂ ಜಾಸ್ತಿ ಆದವು, ಒಂದು ಬೆಸುಗೆ ತಪ್ಪಿದರೂ ಬೋರ್ಡ್ ಹೋದಂತೆ.

ಅದಕ್ಕೇ ನಾನು ಹೇಳುವುದು ಮೆಮೊರಿ ಕಾರ್ಡ್ ದಾರಿ. ಫ್ರೀ ಮ್ಯಾಕ್‌ಬೂಟ್, ಅಂದರೆ ಕಾರ್ಡ್‌ನಿಂದಲೇ ಹೊರಗಿನ ಪ್ರೋಗ್ರಾಂ ಶುರುಮಾಡಿಸುವ ತಂತ್ರಾಂಶ, ಹಾಕಿದ 8 ಎಂಬಿ ಕಾರ್ಡ್ ಚುಚ್ಚಿದರೆ ಸಾಕು, ಸ್ಕ್ರೂ ಕೂಡ ಬಿಚ್ಚಬೇಕಿಲ್ಲ. ಅದರಲ್ಲಿ ಇಎಸ್‌ಆರ್ ಅನ್ನುವ ಪ್ರೋಗ್ರಾಂ ಇದ್ದರೆ, ಅದಕ್ಕೆ ತಕ್ಕಂತೆ ಗೇಮ್ ಫೈಲನ್ನು ಸ್ವಲ್ಪ ತಿದ್ದಿ (ಪ್ಯಾಚ್ ಮಾಡಿ) ಬರೆದ ಡಿವಿಡಿಯನ್ನು ಮಷೀನು ಸಿನಿಮಾ ಡಿಸ್ಕ್ ಅಂದುಕೊಂಡು ಒಳಗೆ ಬಿಡುತ್ತದೆ. ಸಿನಿಮಾ ಡಿಸ್ಕ್‌ಗೆ ಗೇಮ್‌ನ ಗುರುತು ಯಾರು ಕೇಳ್ತಾರೆ, ಅಲ್ವಾ? ಎಷ್ಟು ಚೆಂದದ ಉಪಾಯ! ಆದರೆ ತಳ ನೀಲಿ ಇರುವ ಸಿಡಿ ಗೇಮ್‌ಗಳಿಗೆ ಇದು ನಡೆಯುವುದಿಲ್ಲ. ಮಷೀನಿನ ಹಿಂದಿರುವ ಸ್ಟಿಕ್ಕರ್‌ನಲ್ಲಿ ಮಾಡೆಲ್ ನಂಬರ್ ಕೂಡ ನೋಡಿ. ಎಸ್‌ಸಿಪಿಎಚ್-90000 ಸಾಲಿನ ಕೊನೆಕೊನೆಯ ಸ್ಲಿಮ್‌ಗಳಲ್ಲಿ (ತೆಳು ಪಿಎಸ್2ಗಳಲ್ಲಿ) ಈ ಕಾರ್ಡ್ ಏಳುವುದಿಲ್ಲ.

ಪೆನ್‌ಡ್ರೈವ್‌ನಿಂದಲೂ ಆಡಬಹುದು, ಆದರೆ ಪಿಎಸ್2ರ ಯುಎಸ್‌ಬಿ ಹಳೇ 1.1, ತುಂಬಾ ನಿಧಾನ, ಗೇಮ್ ನಡುವೆ ಬರುವ ವಿಡಿಯೋ ತಡವರಿಸುತ್ತದೆ.

ಇನ್ನೊಂದು ಮಾತು. ಹೋದ ಬೇಸಿಗೆ ನನ್ನ ತಮ್ಮನ ಮಗ ಬೀದರಿನಿಂದ ಹೈದರಾಬಾದಿನ ಕೋಠಿಗೆ ಚಿಪ್ ಹುಡುಕಲು ಹೊರಟಿದ್ದ. ತಡಿಯೋ ಅಂತ ಕೂರಿಸಿ ಮಷೀನು ಬಿಚ್ಚಿದೆ. ನಮ್ಮ ಕೆಂಪು ಮಣ್ಣಿನ ಧೂಳು ಫ್ಯಾನಿಗೆ ಮೆತ್ತಿಕೊಂಡಿತ್ತು, ಲೆನ್ಸ್ ಮೇಲೆ ಕುಂಕುಮ ಉದುರಿಸಿದ ಹಾಗೆ ಕೂತಿತ್ತು. ಹತ್ತಿಯ ಕಡ್ಡಿಗೆ ಎರಡು ಹನಿ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ, ಒತ್ತದೆ ಮೆಲ್ಲಗೆ ಒರೆಸಿದೆವು. ಆರು ತಿಂಗಳಿಂದ ಓಡದ ಒರಿಜಿನಲ್ ಡಿಸ್ಕೇ ಓಡಿತು! ನೀವೂ ಮೊದಲು ಅದನ್ನೇ ಮಾಡಿ.

ಕಾನೂನಿನ ಬಗ್ಗೆಯೂ ಕೇಳ್ತೀರಿ. 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್, ನ್ಯಾಯವಾಗಿ ನಿಮ್ಮ ಕೈಲಿರುವ ಪ್ರೋಗ್ರಾಂ ಹಾಳಾದೀತು ಅಂತ ಒಂದು ಬ್ಯಾಕಪ್ ಮಾಡಿಟ್ಟುಕೊಳ್ಳಲು ಬಿಡುತ್ತದೆ. 2012ರಲ್ಲಿ ಸೇರಿಸಿದ 65ಎ ಪ್ರಕಾರ, ಕದ್ದು ಹಂಚುವಂಥ ಉದ್ದೇಶಕ್ಕೆ ಬೀಗ ಮುರಿದರೆ ಎರಡು ವರ್ಷದವರೆಗೆ ಜೈಲು, ಮೇಲೆ ದಂಡ. ನಿಮ್ಮ ಡಿಸ್ಕ್, ನಿಮ್ಮ ಕಾಪಿ, ನಿಮ್ಮ ಮನೆ ಅಷ್ಟಕ್ಕೇ ಇಟ್ಟುಕೊಳ್ಳಿ.

ಬರೆಯುವಾಗ ಒಳ್ಳೆಯ ಡಿವಿಡಿ-ಆರ್ ತಗೊಂಡು ನಿಧಾನಕ್ಕೆ, 4 ಎಕ್ಸ್ ವೇಗದಲ್ಲಿ ಬರೆಯಿರಿ. ಹಳೇ ಲೇಸರ್‌ಗೆ ಓದಲು ಸುಲಭ.