ಮಂಜು ಕುಡಿದು ಬದುಕುವ ಮರುಭೂಮಿ

ಆಫ್ರಿಕಾದ ನಮೀಬಿಯಾ ದೇಶದಲ್ಲಿ, ನಮೀಬ್ ಮರುಭೂಮಿಯಲ್ಲಿರುವ ಗೋಬಾಬೆಬ್ ಸಂಶೋಧನಾ ಕೇಂದ್ರದ ಸುತ್ತ ಇಡೀ ವರ್ಷಕ್ಕೆ ಬೀಳುವ ಮಳೆ ಸರಾಸರಿ 25 ಮಿಲಿಮೀಟರ್. ನಮ್ಮಲ್ಲಿ ಒಂದು ಸಂಜೆಯ ಜೋರು ಮಳೆಯಷ್ಟು. ಅಲ್ಲಿ ಕೀಟಗಳು ಹೇಗೆ ಬದುಕುತ್ತವೆ ಸಾರ್ ಎಂದು ನನ್ನ ಕೀಟಶಾಸ್ತ್ರದ ವಿದ್ಯಾರ್ಥಿಗಳು ಕೇಳುತ್ತಾರೆ. ಮಳೆಯ ಲೆಕ್ಕ ಬಿಡಿ, ಮಂಜಿನ ಲೆಕ್ಕ ಹಿಡಿಯಿರಿ ಎನ್ನುತ್ತೇನೆ.

ನಮೀಬ್ ಮರುಭೂಮಿಯ ಪಕ್ಕದಲ್ಲೇ ಅಟ್ಲಾಂಟಿಕ್ ಸಾಗರವಿದೆ. ಅಲ್ಲಿ ಹರಿಯುವ ಬೆಂಗ್ವೆಲಾ ಎಂಬ ಸಾಗರ ಪ್ರವಾಹ ತುಂಬಾ ತಣ್ಣಗಿರುತ್ತದೆ. ಅದರ ಮೇಲಿನ ಗಾಳಿ ತಂಪಾಗಿ ಮಂಜು ಕಟ್ಟುತ್ತದೆ. ತಂಪು ಗಾಳಿ ಮೇಲೇರುವುದಿಲ್ಲ, ಹಾಗಾಗಿ ಮಳೆಮೋಡ ಬೆಳೆಯುವುದಿಲ್ಲ. ಮಳೆ ತಪ್ಪಿಸುವುದೂ ಮಂಜು ಕೊಡುವುದೂ ಒಂದೇ ಸಮುದ್ರ.

ಬೆಳಗಿನ ಜಾವ ಮರಳು ದಿಬ್ಬದ ಏಣಿನ ಮೇಲೆ ಸುಮ್ನೆ ಕೂತಿರಬೇಕು. ಮರಳು ಸ್ವಲ್ಪ ಅಲುಗುತ್ತದೆ. ಹುಣಸೆ ಬೀಜದಷ್ಟು ದೊಡ್ಡ ಕಪ್ಪು ದುಂಬಿಯೊಂದು ಹೊರಬರುತ್ತದೆ. ಚಳಿಗೆ ನಿಧಾನವಾಗಿ ಏಣು ಹತ್ತಿ, ತಲೆ ಕೆಳಗೆ ಮಾಡಿ, ಹಿಂಭಾಗ ಎತ್ತಿ, ಮಂಜಿಗೆ ಮೈಯೊಡ್ಡಿ ನಿಲ್ಲುತ್ತದೆ. ಬೆನ್ನ ಮೇಲೆ ಸಣ್ಣ ಹನಿಗಳು ಕೂಡಿಕೊಂಡು, ಭಾರವಾಗಿ, ಜಾರಿ ಬಾಯಿಗೇ ಬರುತ್ತವೆ. ಒಂದೇ ಬೆಳಗ್ಗೆ ಕೆಲವು ದುಂಬಿಗಳು ತಮ್ಮ ತೂಕದ ಮೂರನೇ ಒಂದು ಭಾಗದಷ್ಟು ನೀರು ಕುಡಿದಿದ್ದನ್ನು ವಿಜ್ಞಾನಿಗಳು ತೂಗಿ ನೋಡಿ 1976ರಲ್ಲಿ ಪ್ರಕಟಿಸಿದರು. ನಮೀಬ್‌ನ ಕಪ್ಪು ದುಂಬಿಗಳೆಲ್ಲ ಹೀಗೇ ಮಾಡುತ್ತವೆ ಎಂದು ಬಹಳ ಜನ ಬರೆಯುತ್ತಾರೆ. ಅದು ತಪ್ಪು. ಅಷ್ಟೊಂದು ಜಾತಿಗಳಲ್ಲಿ ಹೀಗೆ ನಿಲ್ಲುವವು ಒಂದೆರಡೇ. ಇನ್ನೊಂದು ಬಗೆಯ ದುಂಬಿ ಮರಳಲ್ಲಿ ಸಣ್ಣ ಕಾಲುವೆ ತೋಡುತ್ತದೆ. ಅದರ ಅಂಚಿಗೆ ಮಂಜು ಜಾಸ್ತಿ ಅಂಟುತ್ತದೆ, ಅಲ್ಲಿಂದ ನೀರು ಹೀರುತ್ತದೆ.

ನೀರಾಯಿತು, ಊಟ? ಅದನ್ನು ಗಾಳಿ ತರುತ್ತದೆ. ಒಣಹುಲ್ಲಿನ ಚೂರು, ಬೀಜ, ಸತ್ತ ಕೀಟ ಎಲ್ಲ ಹಾರಿಬಂದು ದಿಬ್ಬದ ಇಳಿಜಾರಿನ ಬುಡದಲ್ಲಿ ಬೀಳುತ್ತವೆ. ಗಿಡವೇ ಇಲ್ಲದ ದಿಬ್ಬದಲ್ಲಿ ದುಂಬಿಗಳು ಈ ಕಸ ತಿಂದು ಬದುಕುತ್ತವೆ. ಹಲ್ಲಿಗಳು ದುಂಬಿಗಳನ್ನು ಹಿಡಿಯುತ್ತವೆ. ಮರಳಲ್ಲಿ ಕಣ್ಣಷ್ಟೇ ಹೊರಗಿಟ್ಟು ಹೂತು ಕೂತ ಪುಟ್ಟ ವಿಷದ ಹಾವು ಹಲ್ಲಿಗಾಗಿ ಕಾಯುತ್ತದೆ.

ಕುಯಿಸೆಬ್ ನದಿಯ ಪಾತ್ರ ದಾಟಿದರೆ ಮರಳು ನಿಂತು ಜಲ್ಲಿ ಬಯಲು ಶುರು. ಪ್ರವಾಸಿಗರು ಇದನ್ನು ಬರಡು ನೆಲ ಅಂದುಕೊಂಡು ಗಾಡಿ ಓಡಿಸುತ್ತಾರೆ. ನನಗೆ ಹೊಟ್ಟೆ ಉರಿಯುವುದು ಅಲ್ಲೇ. ಆ ಕಲ್ಲುಗಳ ಮೇಲೆ ಕಲ್ಲುಹೂ ಬೆಳೆದಿರುತ್ತದೆ. ಬಿಸಿಲಲ್ಲಿ ಸುರುಟಿ ಪುಡಿಯಂತೆ ಕಾಣುವ ಅದು ಮಂಜು ತಾಗಿದ ಕೂಡಲೇ ಮೆತ್ತಗಾಗಿ ಅರಳುತ್ತದೆ. ಬೆಳೆಯುವುದು ಮಾತ್ರ ಬಹಳ ನಿಧಾನ. ಗಾಡಿ ಒಮ್ಮೆ ಹಾದುಹೋದ ಗುರುತು ದಶಕಗಳಾದರೂ ಮಾಸುವುದಿಲ್ಲ.