ಡಿಕ್ಕಿ ಹೊಡೆಯದ ಡಿಫೆನ್ಸ್‌ಮನ್ ಏಳು ಬಾರಿ ಶ್ರೇಷ್ಠನೆನಿಸಿದ್ದು ಹೇಗೆ?

ಓದುಗರ ಪ್ರಶ್ನೆ: ಐಸ್ ಹಾಕಿಯಲ್ಲಿ ಡಿಫೆನ್ಸ್‌ಮನ್ ಎಂದರೆ ಎದುರಾಳಿಗೆ ಮೈಯಿಂದ ಡಿಕ್ಕಿ ಹೊಡೆದು ಉರುಳಿಸುವವನು ಎಂದೇ ತಿಳಿದಿದ್ದೇವೆ. ಹಾಗಿರುವಾಗ, ಡಿಕ್ಕಿ ಹೊಡೆಯುವ ಗೋಜಿಗೇ ಹೆಚ್ಚಾಗಿ ಹೋಗದ ಸ್ವೀಡನ್ನಿನ ನಿಕ್ಲಾಸ್ ಲಿಡ್‌ಸ್ಟ್ರಾಮ್ ಅವರಿಗೆ ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನ ಅತ್ಯುತ್ತಮ ಡಿಫೆನ್ಸ್‌ಮನ್ ಎಂಬ ಪ್ರಶಸ್ತಿ ಏಳು ಸಲ ಬಂದದ್ದು ಹೇಗೆ?

ಉತ್ತರ: ಉತ್ತರ ಅಮೆರಿಕದಲ್ಲಿ ನೆಲೆಸಿ ಈ ಆಟವನ್ನು ಹೊಸದಾಗಿ ನೋಡತೊಡಗಿದವರಿಗೆ ಈ ಸಂಶಯ ಬರುವುದು ಸಹಜ, ಏಕೆಂದರೆ ಟಿವಿಯಲ್ಲಿ ಮರಳಿ ಮರಳಿ ತೋರಿಸುವುದು ಡಿಕ್ಕಿಗಳನ್ನೇ. ಆದರೆ ಡಿಕ್ಕಿ ಒಂದು ಸಾಧನ ಮಾತ್ರ. ಪಕ್ (ಚೆಂಡಿನ ಬದಲು ಬಳಸುವ ರಬ್ಬರಿನ ಬಿಲ್ಲೆ) ಹಿಡಿದು ಬರುತ್ತಿರುವ ಆಟಗಾರನಿಂದ ಪಕ್ಕನ್ನು ಬೇರ್ಪಡಿಸುವುದು ಅದರ ಉದ್ದೇಶ. ಅದೇ ಕೆಲಸ ಸ್ಟಿಕ್ಕಿನ ತುದಿಯಿಂದ ಆಗುವುದಾದರೆ ಮೈ ತಾಗಿಸಬೇಕಾಗಿಲ್ಲ. ಇದಕ್ಕೊಂದು ಲೆಕ್ಕಾಚಾರವೂ ಇದೆ: ಡಿಕ್ಕಿಗೆಂದು ನುಗ್ಗಿದ ಡಿಫೆನ್ಸ್‌ಮನ್ ಗುರಿ ತಪ್ಪಿದರೆ ಅವನ ಹಿಂದೆ ಗೋಲ್‌ಕೀಪರ್‌ ಒಬ್ಬನೇ ಉಳಿಯುತ್ತಾನೆ, ಗುರಿ ಮುಟ್ಟಿದರೂ ಅವನು ಕ್ಷಣಕಾಲ ಆಟದಿಂದ ಹೊರಗಾಗುತ್ತಾನೆ. ಲಿಡ್‌ಸ್ಟ್ರಾಮ್ ಈ ನಷ್ಟವನ್ನು ಮೈಮೇಲೆ ಎಳೆದುಕೊಳ್ಳಲು ಒಪ್ಪದ ಆಟಗಾರರಾಗಿದ್ದರು.

ಅವರ ವಿಧಾನವನ್ನು ವಿವರಿಸುವುದು ಸುಲಭ, ಅನುಸರಿಸುವುದು ಬಹಳ ಕಷ್ಟ. ಎನ್‌ಎಚ್‌ಎಲ್ ಅಂಗಣದ ಉದ್ದ 200 ಅಡಿ, ಅಗಲ 85 ಅಡಿ. ಎದುರಾಳಿ ಫಾರ್ವರ್ಡ್ (ದಾಳಿಯ ಆಟಗಾರ) ವೇಗವಾಗಿ ಬರುವಾಗ ಡಿಫೆನ್ಸ್‌ಮನ್ ಹಿಮ್ಮುಖವಾಗಿ ಸ್ಕೇಟ್ ಮಾಡುತ್ತಲೇ ಅವನಿಗೂ ತನಗೂ ನಡುವಿನ ಅಂತರವನ್ನು ಕಾಯ್ದುಕೊಳ್ಳಬೇಕು. ಅಂತರ ಹೆಚ್ಚಾದರೆ ಅವನಿಗೆ ಗೋಲಿನತ್ತ ಹೊಡೆಯಲು ಸಮಯ ಸಿಗುತ್ತದೆ, ಕಡಿಮೆಯಾದರೆ ಅವನು ಪಕ್ಕದಿಂದ ದಾಟಿಬಿಡುತ್ತಾನೆ. ಲಿಡ್‌ಸ್ಟ್ರಾಮ್ ಅಂಗಣದ ನಡುಭಾಗವನ್ನು ತಾವು ಹಿಡಿದು, ಹಸುವನ್ನು ಬೇಲಿಯ ಬದಿಗೆ ಒತ್ತಿಕೊಂಡು ಹೋಗುವ ಹಾಗೆ, ಎದುರಾಳಿಯನ್ನು ನಿಧಾನವಾಗಿ ಬದಿಯ ಗೋಡೆಯತ್ತ ಸರಿಸುತ್ತಿದ್ದರು. ಅಲ್ಲಿಂದ ಗೋಲಿನ ಕೋನ ಕಿರಿದಾಗುತ್ತದೆ, ಪಾಸ್ ಕೊಡುವ ದಾರಿಯನ್ನು ಅವರ ಸ್ಟಿಕ್ ಮುಚ್ಚಿರುತ್ತದೆ. ಕೊನೆಗೆ ಒಂದು ತಟ್ಟು ಸಾಕಾಗುತ್ತಿತ್ತು. ಪಕ್ ಕೈಸೇರಿದ ಮರುಗಳಿಗೆಯಲ್ಲೇ ಅವರು ಅದನ್ನು ತಮ್ಮ ಫಾರ್ವರ್ಡ್ ಆಟಗಾರನಿಗೆ ನೇರವಾಗಿ ಕಳಿಸಿರುತ್ತಿದ್ದರು. ಈ ಮೊದಲ ಪಾಸೇ ಅವರ ರಕ್ಷಣೆಯ ಅರ್ಧಭಾಗ ಎಂದು ನನ್ನ ಎಣಿಕೆ, ಏಕೆಂದರೆ ಪಕ್ ತನ್ನ ತಂಡದ ಬಳಿ ಇರುವಷ್ಟು ಹೊತ್ತು ರಕ್ಷಿಸಿಕೊಳ್ಳುವ ಅಗತ್ಯವೇ ಇರುವುದಿಲ್ಲ.

ಈ ವಿಧಾನದ ನಿಜವಾದ ಪರೀಕ್ಷೆ ನಡೆದದ್ದು 1997ರಲ್ಲಿ, ಎನ್‌ಎಚ್‌ಎಲ್ ಚಾಂಪಿಯನ್ ತಂಡಕ್ಕೆ ಕೊಡುವ ಸ್ಟ್ಯಾನ್ಲಿ ಕಪ್‌ನ ಫೈನಲ್‌ನಲ್ಲಿ. ಲಿಡ್‌ಸ್ಟ್ರಾಮ್ ಅವರ ಡೆಟ್ರಾಯಿಟ್ ರೆಡ್ ವಿಂಗ್ಸ್ ತಂಡಕ್ಕೆ ಎದುರಾಗಿದ್ದು ಫಿಲಡೆಲ್ಫಿಯಾ ಫ್ಲೈಯರ್ಸ್. ಆ ತಂಡದ ನಾಯಕ ಎರಿಕ್ ಲಿಂಡ್ರೋಸ್ 6 ಅಡಿ 4 ಅಂಗುಲದ ದೈತ್ಯ. ಅವರ ಜೊತೆಗಿದ್ದ ಫಾರ್ವರ್ಡ್‌ಗಳೂ ಅಂಥದೇ ಆಳುಗಳು. ಅವರನ್ನು ತಡೆಯಲು ಡೆಟ್ರಾಯಿಟ್‌ನ ಕೋಚ್ ಸ್ಕಾಟಿ ಬೌಮನ್ ತಮ್ಮ ಅತ್ಯಂತ ಒರಟು ಡಿಫೆನ್ಸ್‌ಮನ್ ವ್ಲಾಡಿಮಿರ್ ಕಾನ್‌ಸ್ಟಾಂಟಿನೋವ್ ಅವರನ್ನೇ ಇಳಿಸುವರೆಂದು ಎಲ್ಲರೂ ನಿರೀಕ್ಷಿಸಿದ್ದರು. ಬೌಮನ್ ಇಳಿಸಿದ್ದು ಲಿಡ್‌ಸ್ಟ್ರಾಮ್ ಮತ್ತು ಲ್ಯಾರಿ ಮರ್ಫಿ ಅವರ ಜೋಡಿಯನ್ನು. ಮರ್ಫಿಯವರೂ ಹೊಡೆದಾಟದ ಆಟಗಾರರಲ್ಲ. ಲಿಂಡ್ರೋಸ್‌ಗೆ ಎದೆಗೊಡಲು ಯಾರೂ ಇರದಿದ್ದಾಗ ಅವರ ಬಲ ವ್ಯರ್ಥವಾಯಿತು; ಇಡೀ ಸರಣಿಯಲ್ಲಿ ಅವರಿಗೆ ದಕ್ಕಿದ್ದು ನಾಲ್ಕನೆಯ ಪಂದ್ಯದ ಕೊನೆಯ ನಿಮಿಷದ ಒಂದೇ ಗೋಲು. ಡೆಟ್ರಾಯಿಟ್ ನಾಲ್ಕಕ್ಕೆ ನಾಲ್ಕೂ ಪಂದ್ಯ ಗೆದ್ದು 42 ವರ್ಷಗಳ ನಂತರ ಕಪ್ ಎತ್ತಿತು. (ಆರು ದಿನಗಳ ಬಳಿಕ ನಡೆದ ವಾಹನ ಅಪಘಾತದಲ್ಲಿ ಕಾನ್‌ಸ್ಟಾಂಟಿನೋವ್ ಅವರ ಕ್ರೀಡಾಜೀವನ ಮುಗಿದುಹೋಯಿತು ಎಂಬುದು ಆ ಗೆಲುವಿಗೆ ಅಂಟಿದ ನೋವು.)

ಲಿಡ್‌ಸ್ಟ್ರಾಮ್ 1970ರ ಏಪ್ರಿಲ್ 28ರಂದು ಜನಿಸಿ, ಸ್ವೀಡನ್ನಿನ ಅವೆಸ್ತಾ ಎಂಬ ಸಣ್ಣ ಪಟ್ಟಣದ ಆಸುಪಾಸಿನಲ್ಲಿ ಬೆಳೆದರು. ವೆಸ್ತೆರೋಸ್ ನಗರದ ತಂಡದಲ್ಲಿ ಆಡಿ ಪಳಗಿದರು. 1989ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ವ್ಯವಸ್ಥೆ) ಡೆಟ್ರಾಯಿಟ್ ಅವರನ್ನು ಮೂರನೆಯ ಸುತ್ತಿನಲ್ಲಿ, 53ನೆಯವರಾಗಿ ಆರಿಸಿಕೊಂಡಿತು. ಅದೇ ದಿನ ಅದೇ ತಂಡ ಮುಂದೆ ತಾರೆಯಾದ ಫಾರ್ವರ್ಡ್ ಸೆರ್ಗೆಯ್ ಫೆಡೊರೊವ್ ಅವರನ್ನೂ ಕಾನ್‌ಸ್ಟಾಂಟಿನೋವ್ ಅವರನ್ನೂ ಆರಿಸಿತ್ತು. ಒಂದು ತಂಡದ ಭವಿಷ್ಯ ಒಂದೇ ದಿನದಲ್ಲಿ ಇಷ್ಟು ನಿರ್ಧಾರವಾದದ್ದು ಅಪರೂಪ. 1991ರಲ್ಲಿ ಡೆಟ್ರಾಯಿಟ್‌ಗೆ ಬಂದ ಅವರು 2012ರ ಮೇ 31ರಂದು ನಿವೃತ್ತಿ ಘೋಷಿಸುವವರೆಗೂ ಬೇರೆ ಎನ್‌ಎಚ್‌ಎಲ್ ತಂಡದ ಅಂಗಿ ತೊಡಲಿಲ್ಲ. ಆ 20 ಋತುಗಳಲ್ಲಿ ಒಂದರಲ್ಲೂ ತಂಡ ಪ್ಲೇಆಫ್ (ಕಪ್‌ಗಾಗಿ ನಡೆಯುವ ಋತುವಿನ ಕೊನೆಯ ನಾಕೌಟ್ ಹಂತ) ತಪ್ಪಿಸಿಕೊಳ್ಳಲಿಲ್ಲ. 1997, 1998, 2002 ಮತ್ತು 2008ರಲ್ಲಿ ಕಪ್ ಗೆದ್ದಿತು. ನಾಲ್ಕನೆಯದನ್ನು ನಾಯಕರಾಗಿ ಸ್ವೀಕರಿಸಿದವರು ಲಿಡ್‌ಸ್ಟ್ರಾಮ್. ಯೂರೋಪಿನಲ್ಲೇ ಹುಟ್ಟಿ, ಅಲ್ಲೇ ಆಟ ಕಲಿತ ಯಾವ ನಾಯಕನೂ ಅದಕ್ಕೆ ಮೊದಲು ಆ ಕಪ್ ಗೆದ್ದಿರಲಿಲ್ಲ.

ಆದರೂ ಅತ್ಯುತ್ತಮ ಡಿಫೆನ್ಸ್‌ಮನ್‌ಗೆ ಕೊಡುವ ನಾರಿಸ್ ಟ್ರೋಫಿ ಬೇಗ ಒಲಿಯಲಿಲ್ಲ. ಹಾಕಿ ಪತ್ರಕರ್ತರ ಮತಗಳಿಂದ ನಿರ್ಧಾರವಾಗುವ ಈ ಪ್ರಶಸ್ತಿಗೆ 1998ರಿಂದ 2000ದವರೆಗೆ ಸತತ ಮೂರು ವರ್ಷ ಅವರು ಎರಡನೆಯ ಸ್ಥಾನದಲ್ಲೇ ನಿಂತರು. ಸದ್ದಿಲ್ಲದ ಆಟ ಕಣ್ಣಿಗೆ ಬೀಳಲು ತಡವಾಯಿತು ಎಂದೇ ನಾನು ಇದನ್ನು ಓದಿಕೊಳ್ಳುತ್ತೇನೆ. 2001ರಲ್ಲಿ, 31ನೆಯ ವಯಸ್ಸಿನಲ್ಲಿ ಮೊದಲ ಸಲ ಅದನ್ನು ಪಡೆದ ಅವರು ಏಳನೆಯದನ್ನು 2011ರಲ್ಲಿ, 41ನೆಯ ವಯಸ್ಸಿನಲ್ಲಿ ಪಡೆದರು.

ಅವರು ಗೋಲು ಕಾಯುವುದಷ್ಟನ್ನೇ ಮಾಡಿದವರಲ್ಲ ಎಂಬುದನ್ನೂ ಹೇಳಬೇಕು. ಪ್ಲೇಆಫ್‌ಗೆ ಮುಂಚಿನ ನಿಯಮಿತ ಋತುಗಳಲ್ಲಿ 264 ಗೋಲು, 878 ಅಸಿಸ್ಟ್ (ಜೊತೆಗಾರನ ಗೋಲಿಗೆ ನೆರವಾದ ಪಾಸ್) ಅವರ ಖಾತೆಯಲ್ಲಿವೆ. 2002ರ ಪ್ಲೇಆಫ್‌ನ ಮೊದಲ ಸುತ್ತಿನಲ್ಲಿ ವ್ಯಾಂಕೂವರ್ ವಿರುದ್ಧ ಮೊದಲ ಎರಡು ಪಂದ್ಯ ಸೋತ ಡೆಟ್ರಾಯಿಟ್, ಮೂರನೆಯದರಲ್ಲಿ ಅವರು ಅಂಗಣದ ನಡುಗೆರೆಯ ಬಳಿಯಿಂದ ಹೊಡೆದ ಗೋಲಿನಿಂದ ಚೇತರಿಸಿಕೊಂಡು ಕೊನೆಗೆ ಕಪ್ಪನ್ನೇ ಗೆದ್ದಿತು; ಆ ಪ್ಲೇಆಫ್‌ನ ಅತ್ಯುತ್ತಮ ಆಟಗಾರ ಪ್ರಶಸ್ತಿ ಮೊದಲ ಬಾರಿಗೆ ಯೂರೋಪಿನವರೊಬ್ಬರಿಗೆ, ಅಂದರೆ ಲಿಡ್‌ಸ್ಟ್ರಾಮ್ ಅವರಿಗೆ, ಸಂದಿತು. 2006ರ ಟ್ಯೂರಿನ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಫಿನ್‌ಲ್ಯಾಂಡ್ ವಿರುದ್ಧ ಸ್ವೀಡನ್‌ಗೆ 3–2ರ ಗೆಲುವು ತಂದ ಗೋಲನ್ನೂ ಮೂರನೆಯ ಅವಧಿಯ ಹತ್ತನೆಯ ಸೆಕೆಂಡಿನಲ್ಲಿ ಹೊಡೆದವರು ಅವರೇ. ಡೆಟ್ರಾಯಿಟ್‌ನ ಜೋ ಲೂಯಿಸ್ ಅರೀನಾದಲ್ಲಿ ಗೋಲಿನ ಹಿಂದಿನ ಗೋಡೆ ಪಕ್ಕನ್ನು ಚುರುಕಾಗಿ ಪುಟಿಸುತ್ತಿತ್ತು. ಲಿಡ್‌ಸ್ಟ್ರಾಮ್ ಬೇಕೆಂದೇ ಗೋಲು ತಪ್ಪಿಸಿ ಆ ಗೋಡೆಗೆ ಹೊಡೆದು, ಮರಳಿ ಪುಟಿದ ಪಕ್ಕನ್ನು ಗೋಲಿನ ಮುಂದಿದ್ದ ಜೊತೆಗಾರನಿಗೆ ತಲುಪಿಸುತ್ತಿದ್ದರು.

ಡಿಕ್ಕಿಯಿಂದ ದೂರವಿದ್ದುದರ ಫಲ ಅವರ ದೇಹದಲ್ಲೂ ಕಾಣಿಸಿತು. ನಿಯಮಿತ ಋತುಗಳಲ್ಲಿ ಅವರು 1,564 ಪಂದ್ಯ ಆಡಿದರು. ಎರಡು ದಶಕಗಳಲ್ಲಿ ತಪ್ಪಿಸಿಕೊಂಡ ಪಂದ್ಯಗಳು 50ಕ್ಕಿಂತ ಕಡಿಮೆ. ಪೆನಾಲ್ಟಿಗೆಂದು ಹೊರಗೆ ಕುಳಿತದ್ದು ಒಟ್ಟು 514 ನಿಮಿಷ, ಅಂದರೆ ಆರು ಪಂದ್ಯಕ್ಕೆ ಎರಡು ನಿಮಿಷದ ಒಂದು ಪೆನಾಲ್ಟಿ. ಎದುರಾಳಿಗಳ ಅತ್ಯುತ್ತಮ ಆಟಗಾರರನ್ನೇ ಪ್ರತಿ ರಾತ್ರಿ ತಡೆಯಬೇಕಾಗಿದ್ದವರಿಗೆ ಇದು ನಂಬಲು ಕಷ್ಟವಾದ ಸಂಖ್ಯೆ.

ಹಾಗಾದರೆ ಇವರೇ ಸಾರ್ವಕಾಲಿಕ ಶ್ರೇಷ್ಠರೇ ಎಂದು ಮುಂದಿನ ಪ್ರಶ್ನೆ ಬರುತ್ತದೆ. ಬಾಸ್ಟನ್‌ನ ಬಾಬಿ ಓರ್ 1968ರಿಂದ 1975ರವರೆಗೆ ಸತತ ಎಂಟು ಬಾರಿ ನಾರಿಸ್ ಗೆದ್ದವರು. ಡಿಫೆನ್ಸ್‌ಮನ್ ಆಗಿದ್ದೂ ಎರಡು ಋತುಗಳಲ್ಲಿ ಇಡೀ ಲೀಗಿನಲ್ಲೇ ಅತಿ ಹೆಚ್ಚು ಪಾಯಿಂಟ್ (ಗೋಲು, ಅಸಿಸ್ಟ್‌ಗಳ ಮೊತ್ತ) ಗಳಿಸಿದವರು. ಆದರೆ ಮಂಡಿಯ ಗಾಯಗಳಿಂದಾಗಿ ಅವರ ಆಟ 657 ಪಂದ್ಯಗಳಿಗೇ ನಿಂತಿತು. ಡಿಫೆನ್ಸ್‌ಮನ್ ದಾಳಿಯನ್ನು ಎಲ್ಲಿಯವರೆಗೆ ಒಯ್ಯಬಹುದು ಎಂಬುದಕ್ಕೆ ಓರ್ ಅವರನ್ನು ಮೀರಿದವರಿಲ್ಲ. ಗೋಲನ್ನು ಕಾಯುವ ಕೆಲಸಕ್ಕೆ ಮಾತ್ರ ಒಬ್ಬರನ್ನು ಆರಿಸಿ ಎಂದರೆ ನಾನು ಲಿಡ್‌ಸ್ಟ್ರಾಮ್ ಅವರ ಹೆಸರನ್ನೇ ಬರೆಯುತ್ತೇನೆ.