ದಿನಾ ಕುಡಿಯುವವರು ದಿಢೀರನೆ ಬಿಟ್ಟರೆ

ಕುಡಿತ ಬಿಡಿಸಲು ನಮ್ಮ ಕಡೆ ಮನೆಯವರು ಮೊದಲು ಮಾಡುವ ಕೆಲಸ ಆಣೆ ಹಾಕಿಸುವುದು. ಮಕ್ಕಳ ತಲೆ ಮೇಲೆ ಕೈ ಇಡಿಸುತ್ತಾರೆ, ಧರ್ಮಸ್ಥಳಕ್ಕೆ ಕರೆದುಕೊಂಡು ಹೋಗುತ್ತಾರೆ, ಇಲ್ಲವೇ ಅಯ್ಯಪ್ಪನ ಮಾಲೆ ಹಾಕಿಸುತ್ತಾರೆ. ನನ್ನದೇನೂ ತಕರಾರಿಲ್ಲ. ಮಾಲೆ ಹಾಕಿದ ಮೇಲೆ ಮತ್ತೆ ಬಾಟಲಿ ಮುಟ್ಟದವರೂ ಇದ್ದಾರೆ. ಆದರೆ ವರ್ಷಗಟ್ಟಲೆ ದಿನಾ ಎರಡು ಕ್ವಾರ್ಟರ್ ಏರಿಸುತ್ತಿದ್ದವರು ಒಂದೇ ಸಲಕ್ಕೆ ನಿಲ್ಲಿಸಿದರೆ ಪ್ರಾಣಕ್ಕೇ ಸಂಚಕಾರ ಬರಬಹುದು. ಇದು ಎಷ್ಟೋ ಮನೆಗಳಲ್ಲಿ ಗೊತ್ತೇ ಇರುವುದಿಲ್ಲ.

ಒಂದು ಕ್ವಾರ್ಟರ್ ಅಂದರೆ 180 ಮಿಲಿ. ನಮ್ಮಲ್ಲಿ ಮಾರುವ ಹೆಚ್ಚಿನ ವಿಸ್ಕಿ, ರಮ್ಮುಗಳಲ್ಲಿ ಆಲ್ಕೋಹಾಲ್ ಶೇ. 42.8. ಹಾಗಾಗಿ ಒಂದು ಕ್ವಾರ್ಟರಿನಲ್ಲಿ ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್ ಹೊಟ್ಟೆಗೆ ಹೋಗುತ್ತದೆ. ಲಿವರ್ ಹಾಳಾಗುವುದು, ಬಿಪಿ ಏರುವುದು, ಬಾಯಿ ಮತ್ತು ಅನ್ನನಾಳದ ಕ್ಯಾನ್ಸರ್, ಇವೆಲ್ಲ ನೀವು ಕೇಳಿರುವ ವಿಷಯಗಳೇ. ಮಿದುಳಿನ ಕಥೆ ಬೇರೆ. ಮದ್ಯ ಅದನ್ನು ದಿನಾ ಮಂಕು ಮಾಡುತ್ತದೆ. ಮಿದುಳು ಸುಮ್ನೆ ಇರುವುದಿಲ್ಲ, ತನ್ನ ಚುರುಕು ಹೆಚ್ಚಿಸಿಕೊಂಡು ಸರಿದೂಗಿಸುತ್ತದೆ. ಹಗ್ಗಜಗ್ಗಾಟದಲ್ಲಿ ಒಂದು ಕಡೆಯವರು ಪಟಕ್ಕನೆ ಕೈಬಿಟ್ಟರೆ ಇನ್ನೊಂದು ಕಡೆಯವರು ಹಿಂದಕ್ಕೆ ಬೀಳುತ್ತಾರಲ್ಲ, ಎಣ್ಣೆ ನಿಂತಾಗ ಮಿದುಳಿಗೂ ಹಾಗೇ ಆಗುತ್ತದೆ.

ಕೊನೆಯ ಗ್ಲಾಸಿನ ನಂತರ ಆರರಿಂದ ಎಂಟು ಗಂಟೆಯೊಳಗೆ ಕೈ ನಡುಕ ಶುರು. ಟೀ ಲೋಟ ಹಿಡಿದರೆ ಅರ್ಧ ಟೀ ಸಾಸರಿಗೆ. ಬೆವರು, ವಾಂತಿ, ನಿದ್ದೆ ಇಲ್ಲ. ಮೊದಲೆರಡು ದಿನಗಳಲ್ಲಿ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಪೂರ್ತಿ ಭ್ರಮೆ. ಇದೇ ಡೆಲಿರಿಯಂ. ಗೋಡೆ ಮೇಲೆ ಇಲ್ಲದ ಹುಳು ಕಾಣುತ್ತದೆ. ಡ್ರೈವರ್ ಮಂಚದ ಮೇಲೇ ಸ್ಟೀರಿಂಗ್ ತಿರುಗಿಸುತ್ತಾನೆ, ಟೈಲರ್ ಬೆಡ್‌ಶೀಟ್ ಅಂಚು ಹಿಡಿದು ಹೊಲಿಯುತ್ತಾನೆ. "ಡಾಕ್ಟ್ರೇ, ನಮ್ಮನೆಯವ್ರಿಗೆ ಗಾಳಿ ಸೋಕಿದೆ ಅಂತ ತಾಯಿತ ಕಟ್ಟಿಸಿದ್ವಿ" ಅನ್ನುತ್ತಾರೆ. ಅಷ್ಟರಲ್ಲಿ ಒಂದು ದಿನ ಕಳೆದಿರುತ್ತದೆ.

2020ರ ಲಾಕ್‌ಡೌನ್‌ನಲ್ಲಿ ಬಾರುಗಳೆಲ್ಲ ಮುಚ್ಚಿದಾಗ ಬೆಂಗಳೂರಿನ ಆಸ್ಪತ್ರೆಗಳಲ್ಲಿ ಇಂಥ ಕೇಸುಗಳು ಜಾಸ್ತಿಯಾದವು. ಲಾಕ್‌ಡೌನ್ ಇಲ್ಲದಿದ್ದರೂ ಕಾಲು ಮುರಿದು ಅಡ್ಮಿಟ್ ಆದವರಿಗೆ ಇದೇ ಗತಿ ಬರುತ್ತದೆ. ಕೇಳಿದಾಗ "ಯಾವಾಗಲೋ ಒಂದ್ಸಲ ತಗೋತಾರೆ ಅಷ್ಟೇ" ಅಂದಿರುತ್ತಾರೆ. ದಯವಿಟ್ಟು ಮುಚ್ಚಿಡಬೇಡಿ. ದಿನಕ್ಕೆ ಎಷ್ಟು, ಕೊನೆಗೆ ಕುಡಿದದ್ದು ಯಾವಾಗ, ಇಷ್ಟು ಸರಿಯಾಗಿ ಹೇಳಿದರೆ ಅರ್ಧ ಕೆಲಸ ಆದಂತೆ.

ಇನ್ನೊಂದು ಅಭ್ಯಾಸ "ಸುಸ್ತಾಗಿದ್ದಾರೆ, ಒಂದು ಗ್ಲೂಕೋಸ್ ಬಾಟ್ಲು ಹಾಕಿ" ಅನ್ನುವುದು. ಊಟ ಬಿಟ್ಟು ಕುಡಿಯುವವರ ಮೈಯಲ್ಲಿ ಥಯಮಿನ್, ಅಂದರೆ ಬಿ1 ವಿಟಮಿನ್, ತೀರಾ ಕಡಿಮೆ ಇರುತ್ತದೆ. ಗ್ಲೂಕೋಸ್ ಬಳಸಿಕೊಳ್ಳಲು ಬಿ1 ಬೇಕೇ ಬೇಕು. ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಉಳಿದಿದ್ದ ಚೂರೂ ಖರ್ಚಾಗಿ ಮಿದುಳಿಗೆ ಪೆಟ್ಟು ಬೀಳಬಹುದು. ನಡಿಗೆ ತೂರಾಡುತ್ತದೆ, ಕಣ್ಣು ಸರಿಯಾಗಿ ಹೊರಳುವುದಿಲ್ಲ, ನೆನಪು ಕೆಡುತ್ತದೆ. ಕೆಲವರಿಗೆ ಆ ನೆನಪು ವಾಪಸ್ ಬರುವುದೇ ಇಲ್ಲ. ಅದಕ್ಕೇ ಥಯಮಿನ್ ಇಂಜೆಕ್ಷನ್ ಮೊದಲು.

ಹಾಗಂತ ಬಿಡಬೇಡಿ ಅಂತಲ್ಲ. ಡಾಕ್ಟರ ಕಣ್ಗಾವಲಿನಲ್ಲಿ ಬಿಡಿ. ಲೊರಾಜೆಪಾಮ್ ಅಥವಾ ಡಯಾಜೆಪಾಮ್ ಗುಂಪಿನ ಔಷಧಿ ಕೊಟ್ಟು, ದಿನೇ ದಿನೇ ಡೋಸ್ ಇಳಿಸಿ, ಸಾಮಾನ್ಯವಾಗಿ ವಾರದೊಳಗೆ ನಿಲ್ಲಿಸುತ್ತೇವೆ. ಹಿಂದೆ ಫಿಟ್ಸ್ ಬಂದವರು ಅಡ್ಮಿಟ್ ಆಗುವುದೇ ಒಳ್ಳೆಯದು. ಈ ಮಾತ್ರೆಗಳನ್ನು ಮೆಡಿಕಲ್ ಶಾಪಿನಲ್ಲಿ ನೀವೇ ಕೇಳಿ ತಗೋಬೇಡಿ, ಅವೂ ಚಟವಾಗುತ್ತವೆ. ಎಲ್ಲಿಗೆ ಹೋಗಬೇಕೋ ಗೊತ್ತಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ಆ ವಾರ ದಾಟಿದ ಮೇಲೆ ಉದ್ದದ ದಾರಿ. ನಿದ್ದೆ ಸರಿಹೋಗಲು ತಿಂಗಳುಗಳೇ ಬೇಕಾಗಬಹುದು. "ಒಂದು ನೈಂಟಿ ಹಾಕಿದ್ರೆ ನಿದ್ದೆ ಬರುತ್ತೆ" ಅಂತಲೇ ಎಷ್ಟೋ ಜನ ಮತ್ತೆ ಜಾರುವುದು. ಕುಡಿಯುವ ತುಡಿತ ತಗ್ಗಿಸಲು ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಇವೆ, ಲಿವರ್, ಕಿಡ್ನಿ ನೋಡಿಕೊಂಡು ಬರೆದುಕೊಡುತ್ತೇವೆ. ಡೈಸಲ್ಫಿರಾಮ್ ಬೇರೆ ಥರ. ಅದನ್ನು ನುಂಗಿ ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಬಿಪಿ ಕುಸಿಯುತ್ತದೆ. ರೋಗಿಗೆ ಎಲ್ಲ ತಿಳಿಸಿ, ಅವರು ಒಪ್ಪಿದ ಮೇಲೆ ಮಾತ್ರ ಕೊಡುವ ಮಾತ್ರೆ ಇದು. ಸಾರಿನಲ್ಲಿ ಕದ್ದು ಬೆರೆಸಿದರೆ, ವಿಷಯ ಗೊತ್ತಿಲ್ಲದೆ ಬಾರಿಗೆ ಹೋದವರ ಜೀವಕ್ಕೇ ಕುತ್ತು. ಈಗಾಗಲೇ ಬೆರೆಸಿದ್ದರೆ ಇವತ್ತೇ ನಿಲ್ಲಿಸಿ, ಅವರಿಗೂ ಡಾಕ್ಟರಿಗೂ ಹೇಳಿಬಿಡಿ. ಯಾಕೆಂದರೆ ನಿಲ್ಲಿಸಿದ ಮೇಲೂ ಸುಮಾರು ಎರಡು ವಾರ ಅದರ ಪ್ರಭಾವ ಮೈಯಲ್ಲಿರಬಹುದು.